ಮುಂದೆ ಹೋಗಪ್ಪ

ಭಿಕ್ಷುಕನನ್ನು ಸಾಗಹಾಕುವುದಕ್ಕೆ ನಮ್ಮ ಹಿರಿಯರು ‘ಮುಂದೆ ಹೋಗಪ್ಪ’ ಎಂದು ಬಾಯಿಬಿಟ್ಟು ಹೇಳಬೇಕಾಗಿತ್ತು. ರಾಜಾಜಿನಗರದ ನಮ್ಮ ಮನೆಗಳಲ್ಲಿ ಈಗ ಆ ಮಾತಿನ ಖರ್ಚೂ ಇಲ್ಲ. ಬಾಗಿಲಿನ ಗಾಜಿನ ಕಿಂಡಿಗೆ ಕಣ್ಣಿಟ್ಟು ನೋಡಿ, ಸದ್ದಿಲ್ಲದೆ ಹಿಂದಿರುಗಿದರಾಯಿತು. ಕಳೆದ ಭಾನುವಾರ ನಾನು ಮಾಡಿದ್ದೂ ಅಷ್ಟೆ. ವಿನೋದವೆಂದರೆ, ಆಗ ನಾನು ಓದುತ್ತಿದ್ದುದು ತಿರಿದು ಉಂಡವನೊಬ್ಬನ ಚರಿತ್ರೆ. ಪುಸ್ತಕದ ನಡುವೆ ಬೆರಳಿಟ್ಟುಕೊಂಡೇ ಎದ್ದುಹೋಗಿದ್ದೆ.

ಆತನ ಹೆಸರು ಜೋಸೆಫ್ ವಾಜ್. ಗೋವೆಯಲ್ಲಿ 1651ರಲ್ಲಿ ಹುಟ್ಟಿದ ಕೊಂಕಣಿ ಪಾದ್ರಿ. 1681ರಿಂದ ಮೂರು ವರ್ಷ ನಮ್ಮ ಕರಾವಳಿಯಲ್ಲಿದ್ದವನು. ಅದು ಕೆಳದಿಯ ಚೆನ್ನಮ್ಮಾಜಿಯ ಕಾಲ. ಮಂಗಳೂರು, ಬಸರೂರು, ಗಂಗೊಳ್ಳಿಗಳಲ್ಲಿ ಆತ ಪಾದ್ರಿಯೆಂದೇ ಹಾಡುಹಗಲು ಓಡಾಡಿದ. ಅಲ್ಲಿ ಆತನಿಗೆ ತೊಡಕಾದದ್ದು ರಾಣಿಯಿಂದಲ್ಲ, ಅಧಿಕಾರ ತಮ್ಮದು ತಮ್ಮದೆಂದು ಜಗ್ಗಾಡುತ್ತಿದ್ದ ಸ್ವಮತದ ಹಿರಿಯರಿಂದ!

ತಲೆಮರೆಸಿಕೊಂಡು ಬಾಳಬೇಕಾಗಿ ಬಂದದ್ದು ಸಿಂಹಳದಲ್ಲಿ. 1658ರಲ್ಲಿ ಪೋರ್ಚುಗೀಸರಿಂದ ಜಾಫ್ನಾವನ್ನು ಕಿತ್ತುಕೊಂಡ ಡಚ್ಚರೂ ಕ್ರಿಸ್ತನ ಹೆಸರು ಹೇಳುವವರೇ. ಆದರೆ ಕ್ಯಾಥೊಲಿಕ್ ಪಾದ್ರಿ ಅಲ್ಲಿ ಇರಕೂಡದು, ಯಾರೂ ಅವನಿಗೆ ನೆರಳು ಕೊಡಕೂಡದು ಎಂದು ಕಟ್ಟಪ್ಪಣೆ. 1687ರಲ್ಲಿ ವಾಜ್ ಕೂಲಿಯವನ ಬಟ್ಟೆಯಲ್ಲಿ ಆ ದ್ವೀಪಕ್ಕೆ ಇಳಿದ. ಜೊತೆಗೆ ರೋಗ, ಹಸಿವು. ಜಾಫ್ನಾದಲ್ಲಿ ಕೊರಳಿಗೆ ಜಪಮಾಲೆ ಹಾಕಿಕೊಂಡು ಮನೆಮನೆಯ ಮುಂದೆ ಕೈಯೊಡ್ಡಿದ. ಆತ ಕಾದದ್ದು ಅನ್ನಕ್ಕಷ್ಟೇ ಅಲ್ಲ, ಆ ಮಾಲೆಯ ಮೇಲೆ ಯಾರ ಕಣ್ಣು ಒಂದು ಗಳಿಗೆ ನಿಲ್ಲುವುದೋ ಎಂದು. ಭಿಕ್ಷುಕನ ವೇಷ ಒಳ್ಳೆಯ ಮರೆಯೇ. ಅವನ ಮುಖವನ್ನು ಯಾರೂ ನೋಡುವುದಿಲ್ಲ. ಆದರೆ ಯಾರೂ ನೋಡದಿದ್ದರೆ ಆತ ಬಂದ ಕೆಲಸವೇ ಇಲ್ಲ. ಕಡೆಗೆ ನೋಡಿದರು, ಗುರುತಿಸಿದರು, ಪ್ರಾಣದ ಹಂಗು ತೊರೆದು ಒಳಗೆ ಕರೆದುಕೊಂಡರು. ಆಮೇಲೆ ರಾತ್ರಿಯ ಪೂಜೆ, ಮನೆಯಿಂದ ಮನೆಗೆ ಅಲೆತ.

1692ರಲ್ಲಿ ಕ್ಯಾಂಡಿಯ ಬೌದ್ಧ ಅರಸು ಗೂಢಚಾರನೆಂದು ಆತನನ್ನು ಸೆರೆಗೆ ಹಾಕಿಸಿದ. ಮುಂದೆ ಆ ಅರಸನೇ ಆಶ್ರಯವಿತ್ತ. 1697ರಲ್ಲಿ ಅಲ್ಲಿ ಸಿಡುಬು ಎದ್ದು ಜನ ತಮ್ಮವರನ್ನೇ ಬಿಟ್ಟು ಓಡಿದಾಗ, ರೋಗಿಗಳ ಬಳಿ ಉಳಿದವನು ಈತ. 1711ರ ಜನವರಿ 16ರಂದು ಕ್ಯಾಂಡಿಯಲ್ಲೇ ತೀರಿಕೊಂಡ. ರೋಮ್ ಆತನನ್ನು ಸಂತನೆಂದು ಸಾರಿದ್ದು 2015ರಲ್ಲಿ.

ಭಾನುವಾರ ನಾನು ಕುರ್ಚಿಗೆ ಮರಳಿದಾಗ ಅಡುಗೆಮನೆಯಿಂದ ನನ್ನಾಕೆ ಕೇಳಿದಳು: ‘ಯಾರು ಬಂದಿದ್ದು?’

‘ಯಾರೋ ಭಿಕ್ಷೆಯವನು.’

‘ವಯಸ್ಸಾದವರೇನ್ರಿ? ನಿನ್ನೆ ಅನ್ನ ಉಳಿದಿದ್ದಾಗಲೇ ಬರಬಾರದಿತ್ತೆ ಅಂದುಕೊಂಡೆ.’

ಕಿಂಡಿಯಲ್ಲಿ ನೋಡಿದ್ದೆನಲ್ಲ! ಆದರೂ ಮುದುಕನೋ ಹುಡುಗನೋ, ನನಗೆ ಹೇಳಲಾಗಲಿಲ್ಲ.