ಜಾಬ್ ಕಾರ್ಡಿನಲ್ಲಿ ಇಲ್ಲದ ರಿಪೇರಿ

ಹೊಸ ಟ್ರ್ಯಾಕ್ಟರ್ ಕೊಳ್ಳುವ ದಿನ ಷೋರೂಮಿನವರೇ ಹಾರ ತರುತ್ತಾರೆ, ಪೂಜೆಗೆ ಕಾಯಿ ತರುತ್ತಾರೆ, ಕೀಲಿ ಕೊಡುವಾಗ ಫೋಟೊ ತೆಗೆಸುತ್ತಾರೆ. ಅದೇ ಟ್ರ್ಯಾಕ್ಟರ್ ಒಂದೇ ವರ್ಷದಲ್ಲಿ ಮೂರು ಸಲ, ಅದೂ ಒಂದೇ ಜಾಗದಲ್ಲಿ ಕೆಟ್ಟರೆ ಏನಾಗುತ್ತದೆ ಎಂಬುದನ್ನು ಮಾತ್ರ ನಾವೇ ಓಡಾಡಿ ತಿಳಿದುಕೊಳ್ಳಬೇಕಾಯಿತು. ನಾವು ಎಂದರೆ ಅಪ್ಪ, ಟ್ರ್ಯಾಕ್ಟರ್ ಓಡಿಸುವ ತಮ್ಮ, ಮತ್ತು ಹಾವೇರಿ ಜಿಲ್ಲೆಯಿಂದ ಪತ್ರಿಕೆಯೊಂದಕ್ಕೆ ಸುದ್ದಿ ಕಳಿಸುತ್ತ ಈ ಸಾಲುಗಳನ್ನು ಬರೆಯುತ್ತಿರುವ ಹಿರಿಮಗ.

ಆಯುಧ ಪೂಜೆಗೆ ಸಾಲ ಮಾಡಿ ತಂದ ಗಾಡಿ. ಆರು ತಿಂಗಳಿಗೊಂದು ಕಂತು. ವಾರಂಟಿ ಎರಡು ವರ್ಷ ಅಥವಾ 2,000 ಗಂಟೆ, ಯಾವುದು ಮೊದಲೋ ಅದು. ಮಾರ್ಚ್‌ನಲ್ಲಿ ಮಾಗಿ ಉಳುಮೆ ನಡೆದಿದ್ದಾಗ, ಮೀಟರ್ 312 ಗಂಟೆ ತೋರಿಸುತ್ತಿದ್ದಾಗ, ಸೈಲೆನ್ಸರಿನಿಂದ ಬಿಳಿ ಹೊಗೆ ಬಂತು. ರೇಡಿಯೇಟರಿನ ನೀರು ಇಳಿಯುತ್ತಿತ್ತು, ಹೊರಗೆಲ್ಲೂ ಸೋರುತ್ತಿರಲಿಲ್ಲ. ತಮ್ಮ ಆಯಿಲ್ ಕಡ್ಡಿ ಎಳೆದು ನೋಡಿದರೆ, ಕರ್ರಗಿರಬೇಕಾದ ಆಯಿಲ್ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿತ್ತು. ನೀರು ಆಯಿಲ್ ಜೊತೆ ಬೆರೆತಿದೆ ಎಂದು ಹೇಳಲು ಎಂಜಿನಿಯರ್ ಬೇಕಿರಲಿಲ್ಲ.

ಡೀಲರ್ ಕಡೆಯ ಮೆಕ್ಯಾನಿಕ್ ಹೊಲಕ್ಕೇ ಬಂದು ಹೆಡ್ ಗ್ಯಾಸ್ಕೆಟ್ ಬದಲಿಸಿದ. ಒಳ್ಳೆಯ ಹುಡುಗ, ಬಿಸಿಲಲ್ಲಿ ಕೂತು ಕೆಲಸ ಮಾಡಿದ. ಜಾಬ್ ಕಾರ್ಡ್ ಕೇಳಿದರೆ, "ವಾರಂಟಿ ಕೆಲಸಕ್ಕ ಕಾಗದ ಯಾಕ್ರಿ ಅಣ್ಣಾ? ರೊಕ್ಕಾನ ತಗೊಂಡಿಲ್ಲಲ್ಲ" ಎಂದ. ಎರಡನೇ ಸಲ ಮುಂಗಾರು ಬಿತ್ತನೆಯ ನಡುವೆ, 468 ಗಂಟೆಗೆ. ಈ ಸಲ ಗಾಡಿಯನ್ನು ಎಳೆದುಕೊಂಡೇ ವರ್ಕ್‌ಶಾಪಿಗೆ ಒಯ್ದೆವು. ಒಂಬತ್ತು ದಿನ ಅಲ್ಲಿ ನಿಂತಿತು. ಮತ್ತೆ ಅದೇ ಗ್ಯಾಸ್ಕೆಟ್. ಮೂರನೇ ಸಲ ಅಕ್ಟೋಬರಿನಲ್ಲಿ, ಹಿಂಗಾರಿಗೆ ಹೊಲ ಹದ ಮಾಡುವಾಗ, 590 ಗಂಟೆಗೆ.

ಹೆಡ್ಡಿಗೂ ಬ್ಲಾಕಿಗೂ ನಡುವೆ ಕೂರುವ ಈ ಗ್ಯಾಸ್ಕೆಟ್ ಬೆಂಕಿ, ನೀರು, ಆಯಿಲ್ ಮೂರನ್ನೂ ಬೇರೆ ಬೇರೆ ಇಡಬೇಕು. ಕೂರುವ ಮೈ ಮಟ್ಟವಾಗಿಲ್ಲದಿದ್ದರೆ ಎಷ್ಟು ಹೊಸ ಗ್ಯಾಸ್ಕೆಟ್ ಹಾಕಿದರೂ ಅದು ಮತ್ತೆ ಸುಡುತ್ತದೆ. ಹೆಡ್ಡಿನ ಮೇಲೆ ನೆಟ್ಟಗಿನ ಪಟ್ಟಿ ಇಟ್ಟು ಕೆಳಗೆ ಫೀಲರ್ ಗೇಜ್ ತೂರಿಸಿ ನೋಡಿದರೆ ಹತ್ತು ನಿಮಿಷದಲ್ಲಿ ತಿಳಿಯುವ ಸಂಗತಿ ಇದು. ಎರಡು ಸಲವೂ ಅದನ್ನು ಯಾರೂ ನೋಡಿರಲಿಲ್ಲ.

ಕಾರಣ ನಿಧಾನವಾಗಿ ಅರ್ಥವಾಯಿತು. ವಾರಂಟಿಯಲ್ಲಿ ಹಾಕಿದ ಸಾಮಾನಿನ ದುಡ್ಡನ್ನು ಡೀಲರ್ ಕಂಪನಿಯಿಂದ ಪಡೆಯಬೇಕು. ಕಂಪನಿ ಕ್ಲೇಮ್ ತಳ್ಳಿಹಾಕಿದರೆ ಹೊರೆ ಡೀಲರ್ ತಲೆ ಮೇಲೆ. ಗ್ಯಾಸ್ಕೆಟ್ ಸಣ್ಣ ಬಾಬತ್ತು, ಹೆಡ್ ದೊಡ್ಡದು. ಆದ್ದರಿಂದ ಸಣ್ಣದು ಹಾಕಿ ಗಾಡಿ ಕಳಿಸುವುದು, ಮತ್ತೆ ಬಂದರೆ ಮತ್ತೆ ನೋಡುವುದು. ಅಷ್ಟರಲ್ಲಿ ವಾರಂಟಿಯ ದಿನಗಳು ಸವೆಯುತ್ತಿರುತ್ತವೆ. ಗಾಡಿ ವರ್ಕ್‌ಶಾಪಿನಲ್ಲಿ ನಿಂತ ದಿನಗಳನ್ನು ಯಾರೂ ವಾಪಸ್ ಸೇರಿಸುವುದಿಲ್ಲ.

ಪಕ್ಕದ ತಾಲ್ಲೂಕಿನ ಇನ್ನೊಬ್ಬ ಡೀಲರ್ ಬಳಿ ಹೋದರೆ, "ತಗೊಂಡಲ್ಲೇ ಹೋಗ್ರಿ" ಎಂದರು. ನಮ್ಮ ಡೀಲರ್ ಕಂಪ್ಯೂಟರ್ ತೆರೆದು ತೋರಿಸಿದಾಗ ನಿಜವಾದ ಪೆಟ್ಟು ಬಿತ್ತು. ಮಾರ್ಚ್‌ನ ಕೆಲಸ ಅಲ್ಲಿ ಇರಲೇ ಇಲ್ಲ. ಜೂನ್‌ನ ಒಂಬತ್ತು ದಿನದ ಕೆಲಸ "ಜನರಲ್ ಚೆಕಪ್, ಪಿಕಪ್ ಕಡಿಮೆ" ಎಂದಿತ್ತು. ಅವರ ದಾಖಲೆಯ ಪ್ರಕಾರ ನಮ್ಮ ಎಂಜಿನ್ ಕೆಟ್ಟಿದ್ದು ಇದೇ ಮೊದಲು!

ಸುದ್ದಿ ಬರೆಯುವ ನಮಗೆ ಇದು ಹೊಸದಲ್ಲ. ಆಸ್ಪತ್ರೆಯಲ್ಲಾಗಲಿ ಪಂಚಾಯಿತಿಯಲ್ಲಾಗಲಿ, ರಿಜಿಸ್ಟರಿನಲ್ಲಿ ಇಲ್ಲದ್ದು ನಡೆದೇ ಇಲ್ಲ ಎನ್ನುವ ಉತ್ತರ ಎಷ್ಟು ಸಲ ಕೇಳಿಲ್ಲ! ಹಾಗಾಗಿ ವರದಿಗೆ ಹೇಗೆ ದಾಖಲೆ ಹುಡುಕುತ್ತೇವೋ ಹಾಗೆಯೇ ಮನೆಯಲ್ಲಿ ಹುಡುಕಿದೆವು. ಮೆಕ್ಯಾನಿಕ್ ಜೊತೆಗಿನ ವಾಟ್ಸ್‌ಆ್ಯಪ್ ಸಂದೇಶ ಸಿಕ್ಕವು. ಬಿಚ್ಚಿದ ಎಂಜಿನ್ನಿನ ಪಕ್ಕ ಮೀಟರ್ ಕಾಣುವಂತೆ ತಮ್ಮ ತೆಗೆದ ಫೋಟೊ ಸಿಕ್ಕಿತು. ಎಲ್ಲಕ್ಕಿಂತ ಗಟ್ಟಿಯಾದದ್ದು ಅಪ್ಪನ ನೋಟ್‌ಬುಕ್. ಯಾರ ಹೊಲಕ್ಕೆ ಎಷ್ಟು ಗಂಟೆ ಹೊಡೆದೆವು, ಎಷ್ಟು ಬಾಕಿ ಎಂದು ಅಪ್ಪ ತಾರೀಖು ಹಾಕಿ ಬರೆಯುತ್ತಾರೆ. ಗಾಡಿ ನಿಂತ ದಿನ "ಗಾಡಿ ಕೆಟ್ಟೈತಿ" ಎಂದು ಒಂದೇ ಸಾಲು.

ಅದನ್ನು ತೋರಿಸಿದಾಗ ಸರ್ವಿಸ್ ಮ್ಯಾನೇಜರ್ ಖುಷಿಪಟ್ಟರು. "ಬಾಡಿಗಿ ಹೊಡೀತೀರಿ ಅಂದಮ್ಯಾಲ ಇದು ಕಮರ್ಷಿಯಲ್ ಆತಲ್ರಿ. ಗ್ರಾಹಕರ ಕಾಯ್ದೆ ನಿಮಗ ಬರೂದಿಲ್ಲ" ಎಂದರು. ಆ ಮಾತು ಕಾಯ್ದೆಯಲ್ಲಿ ನಿಲ್ಲುವುದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ವಾಣಿಜ್ಯ ಉದ್ದೇಶಕ್ಕೆ ಕೊಂಡವರು ಗ್ರಾಹಕರಲ್ಲ ಎಂದಿರುವುದು ನಿಜ. ಆದರೆ ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲೆಂದೇ ಕೊಂಡು ತಾನೇ ಬಳಸುವುದು ವಾಣಿಜ್ಯ ಉದ್ದೇಶವಲ್ಲ ಎಂಬ ವಿವರಣೆಯೂ ಅದರ ಜೊತೆಗೇ ಇದೆ. ಸ್ಟಿಯರಿಂಗ್ ಹಿಡಿಯುವವನು ನಮ್ಮ ತಮ್ಮನೇ.

ಅಷ್ಟರಲ್ಲಿ ಮಾಲೀಕರಿಗೆ ಯಾರೋ ನಮ್ಮ ಪತ್ರಿಕೆಯ ವಿಷಯ ಹೇಳಿದ್ದರು. ಒಳಗೆ ಕರೆದು ಚಹಾ ತರಿಸಿದರು. "ಸರ, ಪೇಪರ್‌ನವರು ಅಂತ ಮೊದ್ಲ ಹೇಳಬಾರದಾ? ನಿಮ್ಮದೊಂದು ಮಾಡಿಸಿ ಕೊಡ್ತೀನಿ. ಬ್ಯಾರೆಯವರಿಗೆ ಹೇಳಬ್ಯಾಡ್ರಿ ಅಷ್ಟ" ಎಂದರು. ಇದೇ ಡೀಲರ್ ಬಳಿ ಇದೇ ಮಾಡೆಲ್ ಕೊಂಡ ಇಬ್ಬರು ರೈತರಿಗೆ ಇದೇ ಕಾಯಿಲೆ ಇದೆ ಎಂದು ನಮಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ಸ್ಟ್ರಿಂಗರ್‌ಗಳ ಬದುಕು ಗೊತ್ತಿರುವವರಿಗೆ ಈ ಇಕ್ಕಟ್ಟನ್ನು ಬಿಡಿಸಿ ಹೇಳಬೇಕಿಲ್ಲ. ಸುದ್ದಿಗೆ ಸಿಗುವುದು ಅಷ್ಟಕ್ಕಷ್ಟೇ, ಹಬ್ಬದ ಪುರವಣಿಗೆ ಜಾಹೀರಾತು ತಂದರೆ ಕಮಿಷನ್. ಆ ಡೀಲರ್ ಪ್ರತಿ ದೀಪಾವಳಿಗೆ ಜಾಹೀರಾತು ಕೊಡುವವರು. ಮನೆಯಲ್ಲಿ ರಾತ್ರಿ ಕೂತು ಮಾತಾಡಿದೆವು. ಕಂತಿನ ದಿನ ಹತ್ತಿರ ಬಂದಿತ್ತು, ಗಾಡಿ ನಿಂತಿತ್ತು. ಅಪ್ಪ ಹೇಳಿದ್ದು ಇಷ್ಟು: "ಅವ್ರ ಹೊಲಾನೂ ಬಿತ್ತಬೇಕಲ್ಲಪಾ."

ನಿನಗೆ ಬೇಕಾದರೆ ಮಾಡಿಕೊಡುತ್ತೇನೆ ಎನ್ನುವುದು ವಾರಂಟಿಯಲ್ಲ, ಉಪಕಾರ. ಅದು ಬೇಡವೆಂದು ಮೂವರೂ ಸೇರಿ ಒಂದೇ ದಿನ ಪತ್ರ ಬರೆದೆವು. ಚಾಸಿಸ್ ನಂಬರ್, ಎಂಜಿನ್ ನಂಬರ್, ಕೆಟ್ಟ ತಾರೀಖು, ಆಗಿನ ಗಂಟೆ, ಮಾಡಿದ ಕೆಲಸ, ನಮ್ಮ ಬೇಡಿಕೆ. ಬೈಗುಳ ಇಲ್ಲ, ಬೆದರಿಕೆ ಇಲ್ಲ, ಪತ್ರಿಕೆಯ ಹೆಸರಿಲ್ಲ. ಡೀಲರಿಗೂ ಕಂಪನಿಗೂ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಂಡೆವು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ಬರೆಸಿದೆವು. ಆ ದೀಪಾವಳಿಯ ಜಾಹೀರಾತಿಗೆ ಬೇರೆಯವರನ್ನು ಕಳಿಸಿ ಎಂದು ಕಚೇರಿಗೆ ಹೇಳಿದೆವು. ಸ್ವಂತ ಜಗಳವನ್ನು ಸುದ್ದಿ ಮಾಡುವುದು ಸರಿಯಲ್ಲವೆಂದು ವಿವರವನ್ನೆಲ್ಲ ಬೇರೆ ತಾಲ್ಲೂಕಿನ ಗೆಳೆಯರೊಬ್ಬರಿಗೆ ಕೊಟ್ಟೆವು. ಅವರ ವರದಿ ಇನ್ನೂ ಅಚ್ಚಾಗಿಲ್ಲ.

ಹದಿನಾರನೇ ದಿನ ಕಂಪನಿಯ ಎಂಜಿನಿಯರ್ ಬಂದರು. ಪಟ್ಟಿ ಇಟ್ಟು ಗೇಜ್ ತೂರಿಸಿದರು. ನಮ್ಮ ಗಾಡಿಯ ಹೆಡ್ಡೂ ಇನ್ನೊಬ್ಬರದ್ದೂ ಸೊಟ್ಟಗಾಗಿದ್ದವು. ಎರಡಕ್ಕೂ ಹೊಸ ಹೆಡ್ ಬಂತು. ಈಗ ನಮ್ಮ ಮೀಟರ್ 741 ದಾಟಿದೆ, ಆಯಿಲ್ ಕರ್ರಗೇ ಇದೆ. ಕಳೆದುಹೋದ ಬಿತ್ತನೆಯ ದಿನಗಳಿಗೆ ಬಿಡಿಗಾಸೂ ಬರಲಿಲ್ಲ. ಹೊಸ ಹೆಡ್ಡಿಗೂ ಹಳೆಯ ವಾರಂಟಿ ಮುಗಿಯುವವರೆಗಷ್ಟೇ ಆಸರೆ.

ಮೂರನೆಯವರ ಕ್ಲೇಮ್ ಮಾತ್ರ ತಿರಸ್ಕಾರವಾಯಿತು. 250 ಗಂಟೆಯ ಸರ್ವಿಸ್ ಕಂಪನಿ ವರ್ಕ್‌ಶಾಪಿನಲ್ಲಿ ಆಗಿಲ್ಲ ಎಂಬುದು ಕಾರಣ. ಅವರು ಫೋನ್ ಮಾಡಿ ಮಾಡಿ ಯಾರೂ ಬಾರದೆ ಊರಿನ ಮೆಕ್ಯಾನಿಕ್ ಕೈಯಲ್ಲಿ ಆಯಿಲ್ ಬದಲಿಸಿದ್ದರು. ಈಗ ಅವರು ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಿದ್ದಾರೆ. ಕಂಪನಿ ಎಲ್ಲೇ ಇರಲಿ, ದೂರುದಾರ ತಾನು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಐದು ಲಕ್ಷದವರೆಗಿನ ವಸ್ತುವಿಗೆ ಶುಲ್ಕವಿಲ್ಲ, ಐದರಿಂದ ಹತ್ತು ಲಕ್ಷದವರೆಗೆ 200 ರೂಪಾಯಿ. ದೋಷ ಕಂಡುಹಿಡಿಯಲು ಪರೀಕ್ಷೆ ಬೇಕಾದರೆ ಆಯೋಗವೇ ಪ್ರಯೋಗಾಲಯಕ್ಕೆ ಕಳಿಸಬಹುದು. ಕಾರಣ ಹುಟ್ಟಿದ ಎರಡು ವರ್ಷದೊಳಗೆ ದೂರು ಸಲ್ಲಿಸಬೇಕು ಎಂಬುದನ್ನು ಮಾತ್ರ ಮರೆಯಬಾರದು.

ಅವರ ಬಳಿ ಒಂದೂ ಜಾಬ್ ಕಾರ್ಡ್ ಇಲ್ಲ. ಆದರೆ ಅವರ ಗಾಡಿ ನಿಂತಿದ್ದ ಜೂನ್‌ನ ಕೊನೆಯ ವಾರ ಅವರ ನಾಲ್ಕು ಎಕರೆಗೆ ಹೊಡೆದದ್ದು ನಮ್ಮ ತಮ್ಮ. ಅಪ್ಪನ ನೋಟ್‌ಬುಕ್ಕಿನಲ್ಲಿ ತಾರೀಖಿನ ಸಮೇತ ಅದಿದೆ, ಪಕ್ಕದಲ್ಲಿ "ಅವರ ಗಾಡಿ ಕೆಟ್ಟೈತಿ" ಎಂದೂ ಇದೆ. ಮುಂದಿನ ವಿಚಾರಣೆಗೆ ಅಪ್ಪ ಅದನ್ನು ಹಿಡಿದುಕೊಂಡು ಹಾವೇರಿಗೆ ಹೊರಟಿದ್ದಾರೆ. ಜೊತೆಗೆ ನಾವೂ ಹೋಗುತ್ತಿದ್ದೇವೆ.