ನಿಂತ ಯುದ್ಧ, ನಿಲ್ಲದ ತುರ್ತುಪರಿಸ್ಥಿತಿ

ಚೀನಾ ದಂಡೆತ್ತಿ ಬಂದಾಗ, 1962ರ ಅಕ್ಟೋಬರ್ 26ರಂದು ದೇಶದಲ್ಲಿ ಮೊದಲ ಬಾರಿಗೆ ತುರ್ತುಪರಿಸ್ಥಿತಿ ಘೋಷಣೆಯಾಯಿತು. ನವೆಂಬರ್ 21ಕ್ಕೆ ಚೀನಾ ಕದನವಿರಾಮ ಸಾರಿತು. ತುರ್ತುಪರಿಸ್ಥಿತಿ ಮಾತ್ರ 1968ರ ಜನವರಿಯವರೆಗೂ ಜಾರಿಯಲ್ಲಿತ್ತು!

ಅದರ ಬಿಸಿ ಯಾರಿಗೆ ತಟ್ಟಿತು? ಅಸ್ಸಾಮಿನ ಮಾಕುಮ್‌ನಂಥ ಊರುಗಳಲ್ಲಿ ತಲೆಮಾರುಗಳಿಂದ ಬದುಕಿದ್ದ ಚೀನೀ ಮೂಲದ ಕುಟುಂಬಗಳಿಗೆ. ಮಕ್ಕಳು, ಮುದುಕರೆನ್ನದೆ ರೈಲು ಹತ್ತಿಸಿ ದೂರದ ರಾಜಸ್ಥಾನದ ದೇವಲಿ ಶಿಬಿರಕ್ಕೆ ಸಾಗಿಸಲಾಯಿತು. ಹೀಗೆ ಬಂಧನಕ್ಕೊಳಗಾದವರು ಸುಮಾರು 3,000 ಜನ. ಕೆಲವರು ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಅಲ್ಲೇ ಕಳೆದರು.

ವಿಚಾರಣೆಯೇ ಇಲ್ಲ.

ಯುದ್ಧ ನಿಂತರೂ ತುರ್ತುಪರಿಸ್ಥಿತಿ ಇಷ್ಟು ಕಾಲ ಮುಂದುವರಿದದ್ದು ಹೇಗೆ? ಆಗ ಅದಕ್ಕೆ ಸಂಸತ್ತು ಒಮ್ಮೆ ಒಪ್ಪಿದರೆ ಸಾಕಿತ್ತು. ಆರು ತಿಂಗಳಿಗೊಮ್ಮೆ ಮತ್ತೆ ಒಪ್ಪಿಗೆ ಪಡೆಯಬೇಕೆಂಬ ಕಟ್ಟುಪಾಡು ಬಂದದ್ದು ಸಂವಿಧಾನದ 1978ರ 44ನೇ ತಿದ್ದುಪಡಿಯಿಂದ. ದೇವಲಿಯಲ್ಲಿ ನೊಂದವರಲ್ಲಿ ಸರ್ಕಾರ ಇನ್ನಾದರೂ ಕ್ಷಮೆ ಕೇಳಬೇಕು.