ಜೋಜಿಲಾ ಘಾಟಿನಲ್ಲಿ ಹಿಮ ಸರಿಸುವವರು

ನಮ್ಮ ಅಕ್ಕಲಕೋಟೆ ಕಡೆ ಹಳ್ಳಕ್ಕೆ ಪೂರ ಬಂದು ನಾಲ್ಕು ತಾಸು ರಸ್ತೆ ಬಂದಾದರೆ ಸಾಕು, ಬಜಾರದಲ್ಲಿ ಕಾಯಿಪಲ್ಲೆಯ ಭಾವ ಏರುತ್ತದೆ. ಹಿಂದೆ ವರ್ಷಕ್ಕೆ ಐದಾರು ತಿಂಗಳು ರಸ್ತೆಯೇ ಇರದಿದ್ದ ಊರಿನ ದಂಧೆ ಹೇಗಿದ್ದೀತು? 2023ರ ಮೇ ತಿಂಗಳಲ್ಲಿ ನಾವು ನಾಲ್ವರು ವ್ಯಾಪಾರಿಗಳು ಶ್ರೀನಗರದಿಂದ ಕಾರ್ಗಿಲ್‌ಗೆ ಹೋದಾಗ ಇದನ್ನು ವಿಚಾರಿಸುವ ಯೋಗ ಬಂತು.

ಸೋನಾಮಾರ್ಗ ದಾಟಿದ ಮೇಲೆ ಸಿಗುವ ಜೋಜಿಲಾ ಘಾಟು ಸುಮಾರು 11,600 ಅಡಿ ಎತ್ತರದಲ್ಲಿದೆ. ನಾವು ಹೋದಾಗ ರಸ್ತೆಯ ಎರಡೂ ಬದಿಗೆ ಆಳೆತ್ತರ ಮೀರಿದ ಹಿಮದ ಗೋಡೆ. ಚಕ್ಕಡಿಯ ಬಿಳಿ ಅರಳೆಯಲ್ಲ, ಧೂಳು ಹಿಡಿದ ಕಲ್ಲಿನಂಥ ಹಿಮ! ಮೇಲಿನಿಂದ ಕುಸಿದು ಬೀಳುವ ರಾಶಿಯಲ್ಲಿ ಬಂಡೆಗಳೂ ಸೇರಿರುತ್ತವೆ. ಮೊದಲು ಬುಲ್‌ಡೋಜರ್ ಅದನ್ನು ಒಡೆದು ಸರಿಸುತ್ತದೆ. ಬಳಿಕ ಹಿಮ ಕತ್ತರಿಸುವ ಯಂತ್ರವು ತಿರುಗುವ ಅಲಗುಗಳಿಂದ ಹಿಮವನ್ನು ಒಳಗೆಳೆದು, ಕೊಳವೆಯಿಂದ ದೂರ ಕಣಿವೆಗೆ ತೂರುತ್ತದೆ; ನಮ್ಮ ಕಣದಲ್ಲಿ ಹೊಟ್ಟು ತೂರಿದ ಹಾಗೆ. ಹಿಮದ ಕೆಳಗೆ ರಸ್ತೆಯ ಅಂಚು ಎಲ್ಲಿ, ಪ್ರಪಾತ ಎಲ್ಲಿ ಎಂಬುದು ಚಾಲಕನಿಗೆ ಕಾಣುವುದಿಲ್ಲ. ಬಿಸಿಲೇರಿದರೆ ಮೇಲಿನ ಹಿಮ ಸಡಿಲಾಗುತ್ತದೆ. ರಾತ್ರಿ, ಕರಗಿದ ನೀರು ಹೆಪ್ಪುಗಟ್ಟಿ ರಸ್ತೆ ಗಾಜಾಗುತ್ತದೆ.

ಈ ಕೆಲಸ 1960ರಲ್ಲಿ ಸ್ಥಾಪನೆಯಾದ ಗಡಿ ರಸ್ತೆ ಸಂಸ್ಥೆಯದು. ಕಾಶ್ಮೀರದ ಬದಿಯಿಂದ ಬೀಕನ್, ದ್ರಾಸ್ ಬದಿಯಿಂದ ವಿಜಯಕ್ ಎಂಬ ಅದರ ಎರಡು ವಿಭಾಗಗಳು ಹಿಮ ಕಡಿಯುತ್ತ ಬಂದು ಸಂಧಿಸುತ್ತವೆ. ಇಲ್ಲಿ ದುಡಿಯುವ ಕೂಲಿಗಳಲ್ಲಿ ಬಹಳಷ್ಟು ಜನ ಝಾರ್ಖಂಡದವರು. ಹಿಮವನ್ನೇ ಕಾಣದ ನಾಡಿನವರು!

ಕನ್ನಡಿಗರಿಗೆ ಈ ಘಾಟಿನೊಡನೆ ಹಳೆಯ ನಂಟಿದೆ. 1948ರ ನವೆಂಬರ್ 1ರಂದು ಕೊಡಗಿನ ಜನರಲ್ ತಿಮ್ಮಯ್ಯನವರು ಹಿಮದ ನಡುವೆ ಇಲ್ಲಿಗೆ ಟ್ಯಾಂಕುಗಳನ್ನೇರಿಸಿ ಶತ್ರುವನ್ನು ಹಿಮ್ಮೆಟ್ಟಿಸಿದರು. ಆ ದಾರಿಯನ್ನು ಅಗಲ ಮಾಡಿಕೊಟ್ಟವರು ಬೆಂಗಳೂರಿನಲ್ಲಿ ನೆಲೆಯಿರುವ ಮದ್ರಾಸ್ ಸ್ಯಾಪರ್ಸ್ ಪಡೆಯವರು.

ಘಾಟು ಬಂದಾಗಿದ್ದ ದಿನಗಳ ಲೆಕ್ಕ ನೋಡಿ: 2022ರಲ್ಲಿ 73, 2023ರಲ್ಲಿ 68, 2024ರಲ್ಲಿ 35, 2025ರಲ್ಲಿ 32. ಸುರಂಗವಾದರೆ ಈ ಖರ್ಚೆಲ್ಲ ಉಳಿಯಿತು ಎಂದು ನಮ್ಮ ಜೊತೆಗಾರರೊಬ್ಬರು ವಾದಿಸಿದರು. ಜೋಜಿಲಾದ 13 ಕಿ.ಮೀ. ಸುರಂಗದ ಕೆಲಸ ನಡೆದೇ ಇತ್ತು, ನಿಜ. ಆದರೆ ಸುರಂಗದ ಬಾಯಿಯ ತನಕ ಹೋಗುವ ರಸ್ತೆಯ ಮೇಲೂ ಹಿಮ ಬೀಳುತ್ತದಲ್ಲ! ನನಗೇನೋ ಆ ವಾದ ಒಪ್ಪಿಗೆಯಾಗಲಿಲ್ಲ.

ಕಾರ್ಗಿಲ್‌ನ ಕಿರಾಣಿ ವ್ಯಾಪಾರಿಯೊಬ್ಬರು ಹೇಳಿದ ಮಾತು ನನ್ನಂಥವನಿಗೆ ಕೂಡಲೇ ತಿಳಿಯಿತು. ಮೊದಲೆಲ್ಲ ಚಳಿಗಾಲಕ್ಕೆ ಮುಂಚೆಯೇ ಆರು ತಿಂಗಳ ಮಾಲು ತುಂಬಬೇಕಿತ್ತಂತೆ. ರೊಕ್ಕ ಗೋದಾಮಿನಲ್ಲಿ ಕೂತಿರುತ್ತಿತ್ತು, ಬಡ್ಡಿ ಓಡುತ್ತಿತ್ತು, ಅದನ್ನು ಗಿರಾಕಿಯೇ ತೆರಬೇಕಾಗುತ್ತಿತ್ತು. ಮನೆಗಳಲ್ಲಿ ಬಟಾಟೆ, ಗಜ್ಜರಿಗಳನ್ನು ನೆಲದಡಿ ಹೂತಿಟ್ಟು ಉಣ್ಣುತ್ತಿದ್ದರು. ಕಂದಮೂಲ ಬಿಟ್ಟ ನಮ್ಮಂಥವರಿಗೆ ಅಲ್ಲಿ ಚಳಿಗಾಲ ಕಳೆಯುವುದು ಕಠಿಣವೇ ಸರಿ! ಈಗ ಎರಡು ತಿಂಗಳ ಮಾಲಿದ್ದರೆ ನಡೆಯುತ್ತದೆ ಎಂದರು. ಅವರಲ್ಲಿ ಒಂದು ಕಿಲೋ ಒಣ ಜರದಾಳು ಕೊಂಡೆವು. ಹಿಂದಿನ ವರ್ಷದ ಮಾಲು. ಆದರೂ ಬಲು ಸಿಹಿ.